ವಾಮನನ ಸ್ಟೀಲ್ ಡಬ್ಬಿ

ಹೊಗೆಯ ಅಲಾರಾಂ ಕಿರುಚುತ್ತಲೇ ಇತ್ತು.

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಓದಲು ಬಂದ ಮೂರನೆಯ ದಿನ ಮೈಸೂರಿನ ರಶ್ಮಿತಾ ಮಾಡಿದ ಘನಕಾರ್ಯ ಇಷ್ಟೇ. ಕಿಟಕಿ ಮುಚ್ಚಿಕೊಂಡು, ನಾಲ್ಕು ಒಣಮೆಣಸಿನಕಾಯಿ ಹಾಕಿ ಸಾರಿಗೆ ಒಗ್ಗರಣೆ ಕೊಟ್ಟಿದ್ದಳು. ಈಗ ಕುರ್ಚಿ ಹತ್ತಿ, ಚಾವಣಿಯ ಅಲಾರಾಂಗೆ ನೋಟ್‌ಬುಕ್ಕಿನಿಂದ ಗಾಳಿ ಬೀಸುತ್ತ, ಕೆಮ್ಮುತ್ತ ಅಳುತ್ತಿದ್ದಳು.

ಬಾಗಿಲು ತಳ್ಳಿಕೊಂಡು ಒಬ್ಬ ಒಳಗೆ ಬಂದ. ಕಿಟಕಿ ತೆರೆದ. ನೆಲದ ಮೇಲೆ ನಿಂತೇ ಕೈಚಾಚಿ ಅಲಾರಾಂನ ಗುಂಡಿ ಒತ್ತಿದ.

ನಿಶ್ಶಬ್ದ.

"ಒಗ್ಗರಣಿ ಏನ್ರೀ?"

ಕನ್ನಡ...! ರಶ್ಮಿತಾ ಕುರ್ಚಿಯಿಂದ ಬೀಳುವುದೊಂದು ಬಾಕಿ.

"ಬಾಜೂ ಮನ್ಯಾಗಿರ್ತೀನಿ. ವಾಮನ ಅಂತ."

ಆರಡಿ ಮೀರಿದ ಆಳನ್ನು ಅವಳು ಮೇಲಿಂದ ಕೆಳಗೆ ನೋಡಿದಳು. ಕಣ್ಣೀರಿನ ನಡುವೆಯೇ ನಗು ಬಂತು.

"ನಗಬ್ಯಾಡ್ರಿ. ಹೆಸರಿಟ್ಟಾಗ ನಾ ಸಣ್ಣಾವಿದ್ದೆ."

ಆ ಸಂಜೆ ಅವನು ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟ. ಚಪಾತಿ, ಎಣ್ಣೆಗಾಯಿ. ಧಾರವಾಡದವನು, ಇಲ್ಲಿನ ಆಸ್ಪತ್ರೆಯಲ್ಲಿ ನಾಲ್ಕು ವರ್ಷದಿಂದ ನರ್ಸ್. ಮುಚ್ಚಳದ ಮೇಲೆ 'ಅಂಬುಜಾ' ಎಂದು ಕೊರೆದಿತ್ತು. ಅವನ ತಾಯಿಯ ಹೆಸರಂತೆ.

ಮೂರು ದಿನಗಳಲ್ಲಿ ಮೊದಲ ಬಾರಿಗೆ ಅವಳು ಹೊಟ್ಟೆ ತುಂಬ ಉಂಡಳು. ಡಬ್ಬಿ ತೊಳೆದು, ಒರೆಸಿ ಇಟ್ಟಳು. ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ಬೇರೆಯವರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸಬಾರದು. ಕೊನೆಗೆ ಒಂದು ಚಿಟಿಕೆ ಸಕ್ಕರೆಯಾದರೂ ಇರಬೇಕು. ಅವಳ ಅಮ್ಮ ಕಲಿಸಿದ್ದು ಇದು. ಆದರೆ ಅಷ್ಟು ಪ್ರೀತಿಯಿಂದ ಕೊಟ್ಟ ಡಬ್ಬಿಗೆ ಬರೀ ಸಕ್ಕರೆ ಹಾಕಲು ಮನಸ್ಸು ಒಪ್ಪಲಿಲ್ಲ, ಒಲೆ ಹಚ್ಚಲು ಧೈರ್ಯ ಬರಲಿಲ್ಲ. ನಾಳೆ ಏನಾದರೂ ಮಾಡಿ ಕೊಡುತ್ತೇನೆ... ನಾಳೆ... ಹೀಗೇ ಐದು ವಾರ ಕಳೆದವು. ಅವಳು ಬ್ರೆಡ್ಡಿನಲ್ಲೇ ಬದುಕಿದಳು.

ಉಳಿದದ್ದೆಲ್ಲ ಅಭ್ಯಾಸವಾಯಿತು. ಪ್ರೊಫೆಸರನ್ನು ಹೆಸರು ಹಿಡಿದು ಕರೆಯುವುದು, ಬಸ್ಸಿಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುವುದು, ಹಳೆಯ ಕಲ್ಲಿನ ಕಟ್ಟಡಗಳ ನಡುವೆ ಟ್ರಾಮ್ ಹೋಗುವುದನ್ನು ನಿಂತು ನೋಡುವುದು. ವಾಮನನ ಮುಖ ನೋಡುವುದೊಂದು ಆಗಲಿಲ್ಲ. ಅವನು ಬಸ್‌ಸ್ಟಾಪಿನಲ್ಲಿದ್ದರೆ ಇವಳು ಮುಂದಿನ ಸ್ಟಾಪಿಗೆ ನಡೆಯುತ್ತಿದ್ದಳು. ಕ್ಲಾಸಿನಲ್ಲಿ ಮಾತ್ರ 'ನಾ ಸಣ್ಣಾವಿದ್ದೆ' ನೆನಪಾಗಿ ಒಬ್ಬಳೇ ನಗುತ್ತಿದ್ದಳು. ಇದಕ್ಕೆ ಏನೆನ್ನುತ್ತಾರೆಂದು ಅವಳಿಗೆ ಗೊತ್ತಿತ್ತು. ಒಪ್ಪಿಕೊಳ್ಳಲು ಭಯ.

ಶುಕ್ರವಾರ ಫ್ಲಾಟ್‌ಮೇಟ್ ನವ್ಯಾ ಹೇಳಿದಳು, "ವಾಮನ್‌ಗೆ ಹ್ಯಾಮಿಲ್ಟನ್‌ನಲ್ಲಿ ಕೆಲ್ಸ ಸಿಕ್ಕಿದ್ಯಂತೆ. ನಾಳೆ ಮಧ್ಯಾಹ್ನ ಫ್ಲೈಟು. ಪಾಪ, ರಶ್ಮಿತಾಗೆ ನಾನೇನ್ ತಪ್ಪು ಮಾಡ್ದೆ ಅಂತ ಕೇಳ್ತಿದ್ದ ಕಣೆ."

ರಶ್ಮಿತಾ ಡಬ್ಬಿಯತ್ತ ನೋಡಿದಳು. ನಾಳೆ ಬೆಳಿಗ್ಗೆಯಲ್ಲದಿದ್ದರೆ ಇನ್ನೆಂದೂ ಇಲ್ಲ. ಈ ತಪ್ಪು ತಿಳಿವಳಿಕೆ ಹೊತ್ತುಕೊಂಡೇ ಅವನು ಹೋಗಿಬಿಡುತ್ತಾನೆ.

ಶನಿವಾರ ಬೆಳಿಗ್ಗೆ ಅವಳು ಒಲೆ ಹಚ್ಚಿದಳು. ಸಾಸಿವೆ, ಕಡಲೆಬೇಳೆ, ಮೆಣಸಿನಕಾಯಿ, ಅರಿಶಿನ. ಅನ್ನ ಕಲಸಿ, ನಿಂಬೆಹಣ್ಣು ಹಿಂಡಿ ಡಬ್ಬಿಗೆ ತುಂಬುವಷ್ಟರಲ್ಲಿ ಅಲಾರಾಂ ಮತ್ತೆ ಕಿರುಚಿತು. ಗಡಿಬಿಡಿಯಲ್ಲಿ ಕಿಟಕಿ ತೆರೆಯುವುದನ್ನೇ ಮರೆತಿದ್ದಳು.

ಬಾಗಿಲು ತೆರೆಯಿತು. ಅದೇ ಉದ್ದನೆಯ ಕೈ.

"ನೀವು ಬದಲಾಗೋದಿಲ್ಲ ಬಿಡ್ರಿ," ಎಂದು ವಾಮನ ಹೊರಡಲು ತಿರುಗಿದ.

"ನಿಲ್ಲಿ. ನಿಮ್ಮ ಡಬ್ಬಿ."

ಅವನು ಮುಚ್ಚಳ ತೆರೆದ. ಬಿಸಿ ಚಿತ್ರಾನ್ನ.

"ಖಾಲಿ ಡಬ್ಬಿ ಹೇಗೆ ವಾಪಸ್ ಕೊಡ್ಲಿ? ಒಲೆ ಹಚ್ಚೋಕೆ ಭಯ. ಅದಕ್ಕೇ... ನಿಮ್ಮನ್ನ ಕಂಡ್ರೆ ಓಡಿ ಹೋಗ್ತಿದ್ದೆ."

ವಾಮನ ಮುಚ್ಚಳದ ಮೇಲಿನ ಹೆಸರನ್ನು ಬೆರಳಿಂದ ಸವರಿದ. "ನಮ್ಮವ್ವನೂ ಹಿಂಗ ಅಂತಿದ್ಳು. ಇಲ್ಲಿ ಬಂದು ಮರತಬಿಟ್ಟಿದ್ದೆ. ನನ್ನ ಮಾರಿ ನೋಡೋದ ನಿಮಗ ಬ್ಯಾಡಾಗೇತಿ ಅಂತ ತಿಳಕೊಂಡಿದ್ದೆ. ಇಲ್ಲೇ ಇದ್ದು ದಿನಾ ನೀವು ತಪ್ಪಿಸ್ಕೊಂಡು ಹೋಗೂದನ್ನ ನೋಡೂದು ಆಗವಲ್ದಾತು. ಅದಕ್ಕ ಹ್ಯಾಮಿಲ್ಟನ್ನಿಗೆ ಹೂಂ ಅಂದೆ."

"ಆ ಮುಖ ನೋಡೋಕೆ ತುಂಬಾ ಇಷ್ಟ," ಎಂದಳು ರಶ್ಮಿತಾ. "ನಿಮ್ಮನ್ನೇ ಇಷ್ಟ."

ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕಣ್ಣು ಒದ್ದೆಯಾಗಿತ್ತು. ಹೊಗೆಗೆ ಎಂದು ಹೇಳಿಕೊಳ್ಳಬಹುದಿತ್ತು, ಹೇಳಲಿಲ್ಲ.

"ನನಗೂ," ಎಂದ. "ಅಲಾರಾಂ ಹೊಡಕೊಂಡ ದಿನದಿಂದ." ಮುಚ್ಚಳ ಮುಚ್ಚುತ್ತ ಕೇಳಿದ, "ಹೋಗೂದು ತಪ್ಪಂಗಿಲ್ಲ, ಮಾತು ಕೊಟ್ಟೀನಿ. ಆದ್ರ ಐದು ವಾರ ನಿಮ್ಮ ಮನ್ಯಾಗಿದ್ದು ಈ ಡಬ್ಬಿ ಈಗ ನಿಮ್ಮದಾತಲ್ಲ. ನಾನೂ ಖಾಲಿ ಕೊಡಬಾರದು, ಹೌದಿಲ್ಲೋ?"

"ಕೊಡಬಾರ್ದು."

"ಹಂಗಾರ ತುಂಬಿಸ್ಕೊಂಡು ನಾನ ಬರಬೇಕು."

"ಬನ್ನಿ," ಎಂದಳು ಅವಳು. "ಕಿಟಕಿ ತೆಗೆದಿಟ್ಟಿರ್ತೀನಿ."