ಮರದ ಅಡಿಮೈ

ಮರ ಒಂದಿಂಚು ಕೆಳಗಿಳಿಯಿತು!

ನಾನು ಅದರ ಅಡಿಯಲ್ಲೇ ಅಂಗಾತ ಮಲಗಿದ್ದೆ. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಫೋನ್.

ಕೇಳಿ... ನಾನು ಇನ್ಶೂರೆನ್ಸ್ ಸರ್ವೇಯರ್. ಹುಟ್ಟು ಪುಕ್ಕಲಿ. ಅದಕ್ಕೇ ಇನ್ನೂ ಬದುಕಿದ್ದೇನೆ.

ಹಿಂದಿನ ವಾರದ ಗಾಳಿಗೆ ಮರ ಮುರಿದು, ಚಾವಣಿ ಸೀಳಿ, ಈ ಮಲಗುವ ಕೋಣೆಗೆ ಬಿದ್ದಿತ್ತು. ಮಂಚದ ಮೇಲಿದ್ದ ಯಜಮಾನ ಏಳಲೇ ಇಲ್ಲ. ಮರ ಮೊದಲೇ ಕೊಳೆತಿತ್ತು, ಮನೆಯವರು ಕಡಿಸಬೇಕಿತ್ತು, ಆದ್ದರಿಂದ ಕ್ಲೇಮ್ ಇಲ್ಲ... ಇದು ನಮ್ಮ ಕಂಪನಿಯ ವಾದ. ಕ್ಲೇಮ್ ಬರದಿದ್ದರೆ ಅವನ ಹೆಂಡತಿಗೆ ಸೂರಿಲ್ಲ.

ಆದರೆ ಅದು ತಾನಾಗಿ ಕೊಳೆತಿರಲಿಲ್ಲ. ಅಡಿಮೈಯಲ್ಲಿ ಸಾಲಾಗಿ ಡ್ರಿಲ್ ತೂತುಗಳು! ಮೇಣ ಮೆತ್ತಿ ಮುಚ್ಚಿದ್ದವು. ಕೆರೆದರೆ ಘಾಟು... ಆಸಿಡ್.

ಮರ ನಿಂತಿದ್ದಾಗ ಅದು ಮನೆ ಕಡೆಯ ಮೈ. ಕೊರೆದವನು ಕಾಂಪೌಂಡಿನ ಒಳಗೇ ನಿಂತಿದ್ದ.

"ಏನ್ ಸಿಕ್ತು ಮೇಡಂ?"

ಕಿಟಕಿಯಾಚೆ ಸತ್ತವನ ತಮ್ಮ. ಮರವನ್ನು ಎತ್ತಿ ಹಿಡಿದಿದ್ದ ಜ್ಯಾಕಿನ ಹಿಡಿ ಅವನ ಕೈಯಲ್ಲಿ!

"ಏನೂ ಇಲ್ಲ."

"ಮತ್ತೆ ಫೋಟೊ ಯಾಕೆ?"

ಇನ್ನೊಂದು ಸುತ್ತು. ಕರ್ರ್... ತೊಗಟೆ ನನ್ನ ಕನ್ನಡಕಕ್ಕೆ ತಾಗಿತು.

"ನಿಲ್ಸು! ನಿಮ್ಮಣ್ಣ ಸತ್ತಿದ್ದು ಇದರಡೀಲೇ!"

"ಅವತ್ತು ಅಣ್ಣ ಮನೇಲಿ ಇರ್ಬಾರ್ದಿತ್ತು! ಮನೆ ಬಿದ್ರೆ ಜಾಗ ಮಾರೋಕೆ ಒಪ್ತಾನೆ ಅಂತ... ಅಷ್ಟೇ ನನ್ನ ಲೆಕ್ಕ. ಫೋನ್ ಕೊಡಿ!"

"ಕೈ ಆಡ್ತಿಲ್ಲ. ನೀನೇ ಬಂದು ತಗೋ."

ಕಿಟಕಿ ಹಾರಿ ಬಂದ. ಹೊಟ್ಟೆಯ ಮೇಲೆ ತೆವಳಿ ಮರದಡಿ ತೂರಿದ.

ನನ್ನ ಕೈ ಚೆನ್ನಾಗಿಯೇ ಆಡುತ್ತಿತ್ತು. ಟಾರ್ಚಿನಿಂದ ಹಲ್ಲಿಗೆ ಬಾರಿಸಿ ಆಚೆ ಬದಿಗೆ ಉರುಳಿದೆ!

ಕರ್ರ್...

ಮರ ಅವನ ಬೆನ್ನಿನ ಮೇಲೆ ಕೂತಿತು. ಮೆಲ್ಲಗೆ.

ಜ್ಯಾಕಿನ ಹಿಡಿ ಈಗ ಅವನ ಅತ್ತಿಗೆಯ ಕೈಯಲ್ಲಿ. ಗೋಡೆಯಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಅತ್ತಿಗೇ... ಉಸಿರು ಕಟ್ತಿದೆ! ನಿಮ್ಮ ಕೈಯಾರೆ ಅನ್ನ ಬಡಿಸಿ ಬೆಳೆಸಿದ್ದೀರಿ..."

ಅವರು ಅವನತ್ತ ನೋಡಲಿಲ್ಲ.

"ಮೇಡಂ, ಇವನೇ ಕೊರೆದಿದ್ದು ಅಂತಾದ್ರೆ ಕ್ಲೇಮ್ ಬರುತ್ತಾ?"

"ಬರುತ್ತಮ್ಮಾ. ಪಾಲಿಸೀಲಿ ಇವನ ಹೆಸರಿಲ್ಲ. ನಿಮ್ಮ ತಪ್ಪೂ ಇಲ್ಲ."

"ಈಗ ಇದು ಇನ್ನೊಂದ್ಸಲ ಬಿದ್ರೆ?"

ನಾನು ಮಾತನ್ನು ತೂಗಿ ಆಡುವವಳು. ಅವತ್ತಿನಷ್ಟು ಎಂದೂ ತೂಗಿಲ್ಲ.

"ಆಗ ಬಿಡಿಗಾಸೂ ಬರಲ್ಲ."

ಅವರು ಹಿಡಿಯನ್ನು ಹಿಂದಕ್ಕೆ ತಿರುಗಿಸಿದರು. ಮರ ಮೇಲೆದ್ದಿತು.

ಅತ್ತಿಗೆಯದು ದೊಡ್ಡ ಮನಸ್ಸು, ಕರುಳು ಕೇಳದೆ ಉಳಿಸಿದರು ಅಂತ ಅವನು ಕೋರ್ಟಿನಲ್ಲಿ ಕಣ್ಣೀರಿಟ್ಟ.

ನಾನು ತಿದ್ದಲು ಹೋಗಲಿಲ್ಲ.