ಒಳಗಿನ ವಿಳಾಸ

ನಂಬದಿದ್ದರೆ ಬಿಡಿ. ಬರದ ವರ್ಷ ನೌಬಾದದ ನಮ್ಮ ಟ್ಯಾಂಕರ್ ಕಚೇರಿಯ ಕಂಪ್ಯೂಟರ್‌ಗಳನ್ನು ಕಾಯುವ ಫೈರ್‌ವಾಲ್ ನನ್ನ ಕೈಯಲ್ಲಿತ್ತು. ಹೊರಗಿನ ಪಬ್ಲಿಕ್ ಐಪಿ ವಿಳಾಸ ಬಂದರೆ ತಡೆಯಬೇಕು, ಕಚೇರಿಯೊಳಗಿನ ಪ್ರೈವೇಟ್ ವಿಳಾಸವಾದರೆ ಬಿಡಬೇಕು.

ಔರಾದ ತಾಲ್ಲೂಕಿನ ಹಳ್ಳಿಗಳ ನೀರಿನ ಬೇಡಿಕೆ ದಾಖಲಿಸುತ್ತಿದ್ದ ಶೇವಂತಾಬಾಯಿ ದಿನಾ ಐದೂವರೆಗೆ "ಬರ್ತೇನ್ರಿ" ಎಂದು ಮನೆಗೆ ಹೊರಡುತ್ತಿದ್ದರು. ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರ ಕಂಪ್ಯೂಟರನ್ನು ವೈರ್ ಕಿತ್ತು ಕಪಾಟಿನಲ್ಲಿಟ್ಟೆ.

ಮೇ ತಿಂಗಳ ಉರಿಬಿಸಿಲಿನ ಮಧ್ಯಾಹ್ನ ಆ ಕಂಪ್ಯೂಟರಿನ ಒಳಗಿನ ವಿಳಾಸದಿಂದಲೇ ಒಂದು ಹಳ್ಳಿಯ ಬೇಡಿಕೆ ಬಂತು. ಕಪಾಟು ಮುಟ್ಟಿದರೆ ತುಂಬಿದ ಮಡಕೆಯಂತೆ ತಣ್ಣಗಿತ್ತು.

"ಬ್ಲಾಕ್ ಮಾಡ್ರಿ," ಎಂದರು ಸಾಹೇಬರು.

"ಒಳಗಿನವ್ರನ್ನ ನಾ ತಡಿಯಂಗಿಲ್ರಿ. ಬೇಕಾದ್ರ ನನ್ನ ನೌಕ್ರಿ ತಗೀರಿ."

ಟ್ಯಾಂಕರ್ ಕಳಿಸಿದೆ. ಆ ಹಳ್ಳಿಯ ಬಾವಿ ಅಂದು ಬೆಳಿಗ್ಗೆಯೇ ಬತ್ತಿತ್ತು. ಯಾರೂ ನಮಗೆ ತಿಳಿಸಿರಲಿಲ್ಲ.

ಐದೂವರೆಗೆ ಅದೇ ವಿಳಾಸದಿಂದ ಇನ್ನೊಂದು ಸಾಲು ಬಂತು: "ಬರ್ತೇನ್ರಿ."

ಆ ವಿಳಾಸವನ್ನು ನಾನು ಇಂದಿಗೂ ತಡೆದಿಲ್ಲ.