ಅಲಿಪ್ತ ಪದರ

ಊರ್ಮಿಳಾ ಎರಡೂ ಕೈಗಳನ್ನು ಯಂತ್ರದೊಳಗೆ ಚಾಚಿದಳು. ನೇರಳೆ ಬೆಳಕು ಹೊತ್ತಿಕೊಂಡಿತು. ಮಂಜಿನಂಥ ಹನಿ ಮೊದಲು ಕೈಗಳ ಮೇಲೆ, ಆಮೇಲೆ ಕುತ್ತಿಗೆ, ಎದೆಯ ಮೇಲೆ ಹರಡಿ ಎರಡೇ ನಿಮಿಷದಲ್ಲಿ ಆರಿತು. ನರ್ಸ್ ಅವಳ ಅಂಗೈ ಮೇಲೆ ಒಂದು ತೊಟ್ಟು ಶಾಯಿ ಬಿಟ್ಟಳು. ಶಾಯಿ ಮುತ್ತಿನಂತೆ ಉರುಳಿ ಕೆಳಗೆ ಬಿತ್ತು. ಅಂಗೈಯಲ್ಲಿ ಕಲೆಯ ಗುರುತೂ ಇರಲಿಲ್ಲ.

"ಇನ್ನ ನಲವತ್ತು ದಿನ ನಿಮ್ಮ ಮೈಗೆ ಒಂದು ರೋಗಾಣುನೂ ಅಂಟೂದಿಲ್ಲ. ಒಳಗ ಹೋಗಿ ಕೂಸಿನ್ನ ಮುಟ್ರಿ," ಎಂದಳು ನರ್ಸ್.

ಬಾಗಿಲ ಬಳಿ ನಿಂತಿದ್ದ ಡಾ. ಇಂದುಮತಿ ಗಲಗಲಿಯವರ ಕಣ್ಣು ತುಂಬಿತು. ಊರ್ಮಿಳಾ ಅವರ ಮಗಳು. ಏಳನೆಯ ತಿಂಗಳಿಗೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ್ದ ಕೂಸು ಮೊಮ್ಮಗ. ಈ ಅಲಿಪ್ತ ಪದರ ಅವರದೇ ಲೆಕ್ಕಗಳಿಂದ ಹುಟ್ಟಿದ್ದು.

ಇಂದುಮತಿ ಮೇಲ್ಮೈ ವಿಜ್ಞಾನದ ಸೈದ್ಧಾಂತಿಕ ಭೌತವಿಜ್ಞಾನಿ. ಮೂವತ್ತೊಂದು ವರ್ಷ ಅವರು ದುಡಿದದ್ದೆಲ್ಲ ಕಾಗದ ಮತ್ತು ಕಂಪ್ಯೂಟರಿನ ಮೇಲೆ. ಹಣ್ಣು ಬಿಟ್ಟು ಸಿಪ್ಪೆ ಓದುವವಳೆಂದು ವಿಭಾಗದ ಹಿರಿಯರು ನಗುತ್ತಿದ್ದರು. ಇಂದುಮತಿ ಸಿಪ್ಪೆಯನ್ನೇ ಓದುತ್ತ ಹೋದರು. ಅವರ ಚೊಚ್ಚಲ ಮಗ ಧಾರವಾಡದ ಇಂಥದೇ ಒಂದು ವಾರ್ಡಿನಲ್ಲಿ, ಯಾರದೋ ಕೈಯಿಂದ ತಗುಲಿದ ಸೋಂಕಿಗೆ ಒಂಬತ್ತನೆಯ ದಿನ ತೀರಿಕೊಂಡಿದ್ದ. ಯಾರ ಕೈ ಎಂಬುದು ಕೊನೆಗೂ ಗೊತ್ತಾಗಲಿಲ್ಲ. ತಮ್ಮದೇ ಇರಬಹುದೆಂಬ ಯೋಚನೆ ಅವರನ್ನು ಒಂದು ದಿನವೂ ಬಿಟ್ಟಿರಲಿಲ್ಲ.

ಐದು ವರ್ಷಗಳಿಂದ ಎಳೆಗೂಸುಗಳ ವಾರ್ಡುಗಳಲ್ಲಿ ಈ ಪದರ ಕಡ್ಡಾಯವಾಗಿತ್ತು. ಸೋಂಕಿನಿಂದ ಸಾಯುವ ಕೂಸುಗಳು ಇಲ್ಲವೆನ್ನುವಷ್ಟು ಕಡಿಮೆಯಾಗಿದ್ದವು.

ಮೂರನೆಯ ವಾರ ಮೊಮ್ಮಗನನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆದರು. ಆದರೆ ಊರ್ಮಿಳಾ ಎದೆಗೆ ಹಚ್ಚಿದರೆ ಸಾಕು, ಕೂಸು ಮುಖ ತಿರುಗಿಸಿ ಅಳುತ್ತಿತ್ತು. "ನಿಶ್ಶಕ್ತಿ, ಸರಿಹೋಗುತ್ತದೆ," ಎಂದರು ವೈದ್ಯರು. ಹಾಲನ್ನು ಹಿಂಡಿ ಚಮಚದಲ್ಲಿ ಕುಡಿಸತೊಡಗಿದರು.

ಒಂದು ಮಧ್ಯಾಹ್ನ ಇಂದುಮತಿಯವರ ಎದುರಿಗೇ ಆಯಾ ದ್ಯಾಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಪದರದ ಲೇಪ ತಾಗಿದರೆ ಅವಳ ಮೈಯೆಲ್ಲ ದದ್ದು ಏಳುತ್ತಿದ್ದುದರಿಂದ ಅವಳೊಬ್ಬಳಿಗೆ ವಿನಾಯಿತಿ ಇತ್ತು. ಕೈಗವಸು ಹಾಕಿ ಕೆಲಸ ಮಾಡುತ್ತಿದ್ದಳು. ಕೂಸು ಅವಳ ಕುತ್ತಿಗೆಗೆ ಮೂಗೊತ್ತಿ, ಬಾಯಿ ತೆರೆದು ಏನನ್ನೋ ಹುಡುಕಿ, ಹಾಗೇ ಸುಮ್ಮನಾಯಿತು.

"ಬಾಯಾರ, ಸಿಟ್ಟಾಗಬ್ಯಾಡ್ರಿ," ಎಂದಳು ದ್ಯಾಮವ್ವ. "ಈ ಲೇಪ ಬಂದಾಗಿಂದ ಕೂಸುಗಳು ತಾಯಿ ಕಡೆ ಮಾರಿ ಮಾಡವಲ್ಲವು. ಇದು ಏನ್ ಮಾಡತೈತ್ರಿ?"

ಇಂದುಮತಿ ತಾಳ್ಮೆಯಿಂದ ಹೇಳಿದರು. "ಯಾವುದೇ ವಸ್ತು ತಗೋ ದ್ಯಾಮವ್ವ. ಒಳಗಿನ ಕಣಕ್ಕ ಸುತ್ತಲೂ ನೆರೆಯವರು ಇರ್ತಾರ. ಮ್ಯಾಲಿನ ಕಣಕ್ಕ ಒಂದು ಕಡೆ ಯಾರೂ ಇಲ್ಲ. ಅದಕ್ಕ ಅದು ಕೈ ಚಾಚಿಕೊಂಡೇ ಇರ್ತದ, ಬಂದದ್ದನ್ನ ಹಿಡ್ಕೋತದ. ನಾನು ಆ ಕೈಗಳನ್ನ ಮಡಚಿಟ್ಟೆ, ಅಷ್ಟ. ಧೂಳು, ಬೆವರು, ರೋಗಾಣು, ಯಾವುದೂ ನಿಲ್ಲೂದಿಲ್ಲ."

"ಹಂಗಾರ ತಾಯಿ ವಾಸನಿ?"

ಇಂದುಮತಿ ಕೂಸಿನ ಮೂಗನ್ನು ನೋಡಿದರು. ವಾಸನೆಯೂ ಅಣುಗಳೇ. ಅವು ಚರ್ಮದ ಮೇಲೆ ಕೂತು, ನಿಧಾನವಾಗಿ ಏಳಬೇಕು. ಅವರ ಸಮೀಕರಣಗಳಲ್ಲಿ ರೋಗಾಣುವಿಗೂ ತಾಯಿಯ ಬೆವರಿಗೂ ವ್ಯತ್ಯಾಸವಿರಲಿಲ್ಲ. ಕಣ್ಣಿನ ನೋಟ ಇನ್ನೂ ಕೂಡದ ಕೂಸು ತಾಯಿಯನ್ನು ಮೂಗಿನಿಂದಲ್ಲದೆ ಇನ್ನು ಹೇಗೆ ಗುರುತಿಸೀತು?

ಅವರು ಐದು ವರ್ಷದ ಕಡತಗಳನ್ನು ತರಿಸಿ ಓದಿದರು. "ಕೂಸು ಮೊಲೆ ಹಿಡಿಯುತ್ತಿಲ್ಲ" ಎಂಬ ಸಾಲು ಪುಟದಿಂದ ಪುಟಕ್ಕೆ ಸಿಗುತ್ತಲೇ ಹೋಯಿತು. ಅದರ ಕೆಳಗೆ ಪ್ರತಿಸಲವೂ ಒಂದೇ ಪದ: ನಿಶ್ಶಕ್ತಿ. ತಾಯಂದಿರ ಎದೆಗೆ, ಕುತ್ತಿಗೆಗೆ ಲೇಪ ಬೇಡವೆಂದು ಇಂದುಮತಿ ತಾವೇ ಸರ್ಕಾರಕ್ಕೆ ಬರೆದರು. ಹದಿನೈದು ದಿನದಲ್ಲಿ ನಿಯಮ ಬದಲಾಯಿತು. ಪತ್ರಿಕೆಗಳು ಅವರ ಪ್ರಾಮಾಣಿಕತೆಯನ್ನು ಹೊಗಳಿದವು.

"ಅಮ್ಮಾ, ನನಗ ಹಚ್ಚಿದ್ದನ್ನ ತಗಿ," ಎಂದಳು ಊರ್ಮಿಳಾ.

"ತಗೀಲಿಕ್ಕೆ ಬರೂದಿಲ್ಲವ್ವಾ. ಚರ್ಮ ಹೊಸದಾಗೂ ತನಕ ಹೋಗೂದಿಲ್ಲ."

"ಯಾಕ ಬರೂದಿಲ್ಲ?"

"ಬರಬಾರದು ಅಂತ ನಾನ ಲೆಕ್ಕ ಹಾಕಿದ್ದೆ."

ಊರ್ಮಿಳಾ ಗೋಡೆಯ ಕಡೆ ತಿರುಗಿದಳು.

ನಲವತ್ತನೆಯ ದಿನ ಪದರ ಉದುರಿತು. ಅಷ್ಟರೊಳಗೆ ಅವಳ ಎದೆಹಾಲು ಬತ್ತಿತ್ತು. ಕೂಸಿಗೆ ದ್ಯಾಮವ್ವನ ಹೆಗಲಲ್ಲದೆ ಬೇರೆ ಹೆಗಲು ಗೊತ್ತಿರಲಿಲ್ಲ. ತಾಯಿ ಎತ್ತಿಕೊಂಡರೆ ಕಿರುಚುತ್ತಿತ್ತು, ದ್ಯಾಮವ್ವ ಎತ್ತಿಕೊಂಡರೆ ನಿದ್ದೆ ಹೋಗುತ್ತಿತ್ತು.

ಮರುದಿನ ದ್ಯಾಮವ್ವ ಕೆಲಸಕ್ಕೆ ಬರಲಿಲ್ಲ. "ನಾ ಇದ್ದರ ಅದು ತಾಯಿನ್ನ ಗುರುತು ಹಿಡಿಯಂಗಿಲ್ಲ," ಎಂದು ನರ್ಸಿಗೆ ಹೇಳಿ ರಜೆ ಬರೆಸಿದ್ದಳು. ಕೂಸು ಮೂರು ದಿನ ಗಂಟಲು ಒಡೆಯುವಂತೆ ಅತ್ತಿತು. ಊರ್ಮಿಳಾ ಅದನ್ನು ಹೆಗಲಿಂದ ಇಳಿಸದೆ ವಾರ್ಡಿನ ಉದ್ದಕ್ಕೂ ನಡೆದಳು.

ನಾಲ್ಕನೆಯ ದಿನ ಮಧ್ಯಾಹ್ನ ಇಂದುಮತಿ ದ್ಯಾಮವ್ವನ ಮನೆ ಹುಡುಕಿಕೊಂಡು ಹೋದರು. ಅವಳು ಕಟ್ಟೆಯ ಮೇಲೆ ಮೊರವಿಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಕೂಸು ಅಳಾಕತ್ತೈತೇನ್ರಿ?" ತಲೆಯೆತ್ತದೆ ಕೇಳಿದಳು.

"ಇಲ್ಲ ದ್ಯಾಮವ್ವ. ಇವತ್ತ ಅಳಲಿಲ್ಲ. ಅವರವ್ವನ ಕುತ್ತಿಗಿಗೆ ಮೂಗು ಹಚ್ಚಿ ಮಲಗ್ಯದ."

"ಚಲೋ ಆತು ಬಿಡ್ರಿ."

ಇನ್ನೆರಡು ಕಲ್ಲು ಆರಿಸಿದಳು. ಆಮೇಲೆ ಬೆರಳುಗಳು ಅಕ್ಕಿಯೊಳಗೇ ನಿಂತವು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಇಂದುಮತಿ ಅವಳ ಪಕ್ಕದಲ್ಲಿ ಕೂತು, ಮೊರವನ್ನು ತಮ್ಮ ಕಡೆ ಎಳೆದುಕೊಂಡು, ಉಳಿದ ಕಲ್ಲುಗಳನ್ನು ಆರಿಸತೊಡಗಿದರು.